ನಾಲ್ಕು ಸೆಕೆಂಡಿನ ಲೆಕ್ಕ

ಕುದೇರು ಎಂಬ ಊರಿನ ಅಂಗಳದಲ್ಲಿ ಕೋಲು ನೆಟ್ಟು ನೆರಳು ನೋಡಿದರೆ ಕೈಗಡಿಯಾರದ ಮೇಲೇ ಸಂಶಯ ಹುಟ್ಟುತ್ತದೆ. ದೇಶದ ಗಡಿಯಾರಗಳೆಲ್ಲ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಕುದೇರು ಇರುವುದು 77ರ ಆಸುಪಾಸಿನಲ್ಲಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಇಲ್ಲಿನ ನಡುಹಗಲು ಸುಮಾರು 22 ನಿಮಿಷ ತಡ. ಪಂಚಾಂಗದ ಮಾತಿನಲ್ಲಿ, ಒಂದು ಗಳಿಗೆಗೆ ತುಸು ಕಮ್ಮಿ.

ಇಂಥ ಲೆಕ್ಕವನ್ನೇ ಕಸುಬು ಮಾಡಿಕೊಂಡ ಗಡಿಯಾರ, ಲಾಂಜೀನ್ ಕಂಪನಿ 1931ರಲ್ಲಿ ತಂದ 'ಲಿಂಡ್‌ಬರ್ಗ್ ಅವರ್ ಆಂಗಲ್'. 1927ರಲ್ಲಿ ಒಬ್ಬನೇ ಅಟ್ಲಾಂಟಿಕ್ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್, ಮರುವರ್ಷ ನೌಕಾಧಿಕಾರಿ ವೀಮ್ಸ್ ಬಳಿ ಆಕಾಶ ನೋಡಿ ದಾರಿ ಹಿಡಿಯುವುದನ್ನು ಕಲಿತ. ಗುರುವಿನ ಉಪಾಯ ಡಯಲಿನ ನಡುವೆ ಇದೆ: ಅಲ್ಲಿನ ಬಿಲ್ಲೆ ತಿರುಗಿಸಿದರೆ ಮುಳ್ಳು ನಿಲ್ಲಿಸದೆಯೇ ರೇಡಿಯೊ ಸಂಕೇತಕ್ಕೆ ಸೆಕೆಂಡು ಹೊಂದುತ್ತದೆ. ಶಿಷ್ಯ ಸೇರಿಸಿದ್ದು ಡಿಗ್ರಿಯ ಗುರುತುಗಳನ್ನು, ಜೊತೆಗೆ ತಿರುಗುವ ಹೊರಬಳೆಯನ್ನು. ಸೂರ್ಯನ ನಡಿಗೆ ವರ್ಷವಿಡೀ ಒಂದೇ ಸಮ ಇರುವುದಿಲ್ಲ; ಫೆಬ್ರವರಿಯಲ್ಲಿ 14 ನಿಮಿಷ ಹಿಂದೆ, ನವೆಂಬರಿನಲ್ಲಿ 16 ನಿಮಿಷ ಮುಂದೆ. ಆ ಏರುಪೇರನ್ನು ಬಳೆ ಸರಿದೂಗಿಸುತ್ತದೆ. ಗಡಿಯಾರದ 47.5 ಮಿಲಿಮೀಟರ್ ಅಗಲ ಶೋಕಿಗಲ್ಲ, ಕೈಗವಸು ತೊಟ್ಟ ಬೆರಳಿಗೆ.

ಬಳೆಯ ಜಾಣತನಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಡಯಲಿಗೆ ಕೊಡಲಾರೆ. ಮೂರು ಮುಳ್ಳುಗಳ ಮೂರು ಅಂಕಿ ಓದಿ, ಕೂಡಿಸಬೇಕು, ಅದೂ ನಡುಗುವ ವಿಮಾನದಲ್ಲಿ. ನಾಲ್ಕು ಸೆಕೆಂಡು ತಪ್ಪಿದರೆ ಭೂಮಧ್ಯರೇಖೆಯ ಬಳಿ ಒಂದು ನಾಟಿಕಲ್ ಮೈಲಿ ತಪ್ಪಿತು. ಇದನ್ನು ನಕ್ಷತ್ರದ ಗಡಿಯಾರ ಎಂದು ಕೊಂಡಾಡುವುದೂ ಅಷ್ಟು ಸರಿಯಲ್ಲ. ಇದು ಸೂರ್ಯನ ಬಂಟ. ಚುಕ್ಕೆಗಳು ದಿನಕ್ಕೆ 3 ನಿಮಿಷ 56 ಸೆಕೆಂಡು ಬೇಗ ಮೂಡುತ್ತವೆ, ಅವುಗಳಿಗೆ ಪಂಚಾಂಗದಂಥ ಪುಸ್ತಕ ಬೇಕೇ ಬೇಕು.

ಕಾಲವನ್ನು ಕೋನವಾಗಿ ಓದುವುದು ಹೊಸದೂ ಅಲ್ಲ. ದಿನಕ್ಕೆ 60 ಗಳಿಗೆ, ಗಳಿಗೆಗೆ 6 ಡಿಗ್ರಿ. ನಮ್ಮ ಜ್ಯೋತಿಷ ಗ್ರಂಥಗಳ 'ಪ್ರಾಣ' ಎಂಬ ಅಳತೆ ಹೆಚ್ಚುಕಡಿಮೆ ಆ ನಾಲ್ಕು ಸೆಕೆಂಡೇ. ಅಷ್ಟರಲ್ಲಿ ಭೂಮಿ ಒಂದು ಕಲೆಯಷ್ಟು, ಎಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು ತಿರುಗುತ್ತದೆ ಎಂದ ಆರ್ಯಭಟ. ಹಾಗೆಂದು ಎದೆ ತಟ್ಟಿಕೊಳ್ಳುವುದು ಬೇಡ: ನೀರಲ್ಲಿ ಮುಳುಗುವ ಗಳಿಗೆಬಟ್ಟಲು ಹೊಯ್ದಾಡುವ ಹಡಗಿಗೆ ಒಗ್ಗುವಂಥದಲ್ಲ. ಆ ಲೆಕ್ಕವನ್ನು ಮಣಿಕಟ್ಟಿಗೆ ಕಟ್ಟಿದ್ದು ಲಾಂಜೀನ್.

ಆ ಗಡಿಯಾರದ ಈಗಿನ ಮರುತಯಾರಿಯನ್ನು ಕೊಳ್ಳುವವರಲ್ಲಿ ಬಳೆ ತಿರುಗಿಸುವವರು ಎಷ್ಟು ಮಂದಿಯೋ. ಕೋಲು ನೆಡಲು ಕಾಸು ಬೇಡ. ಕುದೇರಿನಲ್ಲಿ ನೆರಳು ಅತಿ ಗಿಡ್ಡವಾಗುವುದು ಫೆಬ್ರವರಿ 11ಕ್ಕೆ ಸುಮಾರು 12 ಗಂಟೆ 36 ನಿಮಿಷಕ್ಕೆ, ನವೆಂಬರ್ 3ಕ್ಕೆ 12 ಗಂಟೆ 6 ನಿಮಿಷಕ್ಕೆ. ನೋಡಿ ಬನ್ನಿ.