ಕಲ್ಪಿತ ಕೊಲೆಗೆ ಓದುಗನ ಸಮ್ಮತಿ

ಹಿಂಸೆಯನ್ನು ತಾನೇ ಮಾಡುವುದು, ಪರರಿಂದ ಮಾಡಿಸುವುದು, ಪರರು ಮಾಡಿದುದಕ್ಕೆ ಮನದಲ್ಲಿ ಸಮ್ಮತಿಸುವುದು - ಕೃತ, ಕಾರಿತ, ಅನುಮತ ಎಂಬ ಈ ಮೂರು ಬಗೆಗಳನ್ನೂ ನಮ್ಮ ಆಚಾರ್ಯರು ಕರ್ಮಾಸ್ರವಕ್ಕೆ ದ್ವಾರಗಳೆಂದು ಎಣಿಸಿದ್ದಾರೆ. ಮೊದಲಿನ ಎರಡನ್ನು ಲೋಕದ ನ್ಯಾಯಾಲಯಗಳೂ ಅಪರಾಧವೆಂದು ಒಪ್ಪುತ್ತವೆ. ಮೂರನೆಯದಕ್ಕೆ ಸಾಮಾನ್ಯವಾಗಿ ಸಾಕ್ಷಿಯೂ ಇರುವುದಿಲ್ಲ, ಲೆಕ್ಕವೂ ಇರುವುದಿಲ್ಲ. ಅದು ಅವರವರ ಅಂತರಂಗಕ್ಕೆ ಬಿಟ್ಟ ವಿಷಯ. ಆದರೆ 1988ರಲ್ಲಿ ಅಮೆರಿಕ ದೇಶದಲ್ಲಿ ಒಂದು ಅನುಮತಿಯ ಲೆಕ್ಕ ಅಂಕಿಗಳಲ್ಲಿಯೇ ದೊರೆಯಿತು. ಸತ್ತವನು ಚಿತ್ರಕಥೆಯ ಒಬ್ಬ ಬಾಲಕ. ಅವನ ಸಾವಿಗೆ ಒಪ್ಪಿಗೆ ಕೊಟ್ಟವರು ಮಾತ್ರ ನಿಜವಾದ ಓದುಗರು. ಈ ಪ್ರಸಂಗವನ್ನು ಸ್ವಲ್ಪ ವಿವರವಾಗಿ ವಿಮರ್ಶಿಸುವುದು ಅಹಿಂಸಾಧರ್ಮದವರಾದ ನಮಗೆ ಅನುಚಿತವಾಗದು.

ಅತಿಮಾನುಷ ಸಾಹಸಿಗಳ ಚಿತ್ರಕಥೆಗಳು ಅಮೆರಿಕದಲ್ಲಿ 1930ರ ದಶಕದ ಕೊನೆಯಿಂದ ಪ್ರಕಟವಾಗುತ್ತಿವೆ. 1939ರಲ್ಲಿ ಬಂದ ಬ್ಯಾಟ್‌ಮನ್ ಇವುಗಳಲ್ಲಿ ಬಹು ಪ್ರಸಿದ್ಧನಾದವನು. ಅವನಿಗೆ ರಾಬಿನ್ ಎಂಬ ಬಾಲಕ ಸಹಾಯಕನೊಬ್ಬನು 1940ರಲ್ಲಿ ಸೇರಿದನು. ಮೊದಲ ರಾಬಿನ್ ಬೆಳೆದು ಬೇರೆಯಾದ ಮೇಲೆ, 1983ರಲ್ಲಿ ಜೇಸನ್ ಟಾಡ್ ಎಂಬ ಎರಡನೆಯ ಬಾಲಕನನ್ನು ಲೇಖಕರು ಸೃಷ್ಟಿಸಿದರು. 1987ರಲ್ಲಿ ಅವನ ಪೂರ್ವಕಥೆಯನ್ನು ಬದಲಿಸಿ, ಬೀದಿಯಲ್ಲಿ ಬೆಳೆದ ಅನಾಥನೆಂದೂ ಬ್ಯಾಟ್‌ಮನ್ನನ ವಾಹನದ ಚಕ್ರಗಳನ್ನೇ ಕದಿಯುತ್ತಿದ್ದಾಗ ಸಿಕ್ಕಿಬಿದ್ದವನೆಂದೂ ಬರೆದರು. ಈ ಹೊಸ ಜೇಸನ್ ಮುಂಗೋಪಿ, ಹಿರಿಯರ ಮಾತು ಕೇಳದವನು. ಹಲವು ಓದುಗರಿಗೆ ಅವನು ರುಚಿಸಲಿಲ್ಲ.

ಪ್ರಕಾಶಕರಾದ ಡಿ.ಸಿ. ಕಾಮಿಕ್ಸ್‌ನವರು ಅವನ ಭವಿಷ್ಯವನ್ನು ಓದುಗರ ಕೈಗೇ ಕೊಟ್ಟರು. ಜಿಮ್ ಸ್ಟಾರ್ಲಿನ್ ಬರೆದು ಜಿಮ್ ಅಪಾರೊ ಚಿತ್ರಿಸಿದ ‘ಎ ಡೆತ್ ಇನ್ ದ ಫ್ಯಾಮಿಲಿ’ ಎಂಬ ಕಥೆಯಲ್ಲಿ, ತನ್ನನ್ನು ಹೆತ್ತ ತಾಯಿಯನ್ನು ಹುಡುಕಿಹೋದ ಜೇಸನ್, ಆ ತಾಯಿಯಿಂದಲೇ ವಂಚಿತನಾಗಿ ಜೋಕರ್ ಎಂಬ ದುಷ್ಟನ ಕೈಗೆ ಸಿಕ್ಕುತ್ತಾನೆ. ಜೋಕರ್ ಅವನನ್ನು ಕಬ್ಬಿಣದ ಹಾರೆಯಿಂದ ಹೊಡೆದು ಸಿಡಿಮದ್ದು ಇಟ್ಟು ಹೋಗುತ್ತಾನೆ. ಕಟ್ಟಡ ಸಿಡಿಯುವಲ್ಲಿಗೆ ಆ ಸಂಚಿಕೆ ಮುಗಿಯುತ್ತದೆ. ಅದರಲ್ಲಿ ಎರಡು ದೂರವಾಣಿ ಸಂಖ್ಯೆಗಳನ್ನು ಅಚ್ಚು ಹಾಕಿದ್ದರು: ಹುಡುಗ ಬದುಕಲಿ ಎನ್ನುವವರಿಗೆ ಒಂದು, ಸಾಯಲಿ ಎನ್ನುವವರಿಗೆ ಇನ್ನೊಂದು. ಪ್ರತಿ ಕರೆಗೆ 50 ಸೆಂಟ್ ಶುಲ್ಕ. ಒಬ್ಬನೇ ಎಷ್ಟು ಸಲ ಬೇಕಾದರೂ ಕರೆಯಬಹುದಿತ್ತು. 1988ರ ಸೆಪ್ಟೆಂಬರ್ 15 ಮತ್ತು 16ರಂದು ಬಂದ ಕರೆಗಳು ಒಟ್ಟು 10,614. ಬದುಕಲಿ ಎಂದವು 5,271. ಸಾಯಲಿ ಎಂದವು 5,343. ಕೇವಲ 72 ಕರೆಗಳ ಅಂತರದಲ್ಲಿ ಬಾಲಕನ ಮರಣ ನಿಶ್ಚಯವಾಯಿತು. ಬದುಕಿಸುವ ಪುಟವೂ ಸಿದ್ಧವಾಗಿಯೇ ಇತ್ತು. ಅದನ್ನು ಬದಿಗಿಟ್ಟು, ಸತ್ತ ಮಗನ ದೇಹವನ್ನು ಎತ್ತಿ ತರುವ ಬ್ಯಾಟ್‌ಮನ್ನನ ಪುಟವನ್ನು ಅಚ್ಚು ಹಾಕಿದರು.

ಈ ಯೋಜನೆಗೆ ಪ್ರೇರಣೆ ಎಲ್ಲಿಂದ ಬಂತೆಂಬುದು ಜೈನ ವಾಚಕರ ವಿಶೇಷ ಗಮನಕ್ಕೆ ಅರ್ಹವಾಗಿದೆ. 1982ರ ಏಪ್ರಿಲ್‌ನಲ್ಲಿ ಅಮೆರಿಕದ ದೂರದರ್ಶನದ ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಹಾಸ್ಯ ಕಾರ್ಯಕ್ರಮದಲ್ಲಿ ಎಡ್ಡಿ ಮರ್ಫಿ ಎಂಬ ನಟನು, ಏಡಿಯ ಜಾತಿಗೆ ಸಮೀಪವಾದ ಲಾಬ್‌ಸ್ಟರ್ ಎಂಬ ಕಡಲಜೀವಿಯನ್ನು ಹಿಡಿದು ತೋರಿಸಿ, ಇದನ್ನು ಬೇಯಿಸಲೋ ಬಿಡಲೋ ದೂರವಾಣಿ ಮಾಡಿ ತಿಳಿಸಿರಿ ಎಂದು ನೋಡುಗರನ್ನು ಕೇಳಿದನು. ಕರೆಗಳು ಐದು ಲಕ್ಷದ ಹತ್ತಿರ ಬಂದವು. ಉಳಿಸಿ ಎಂದವರದೇ ಬಹುಮತವಾಯಿತು. ಆದರೂ ಮುಂದಿನ ವಾರ ಬೇಯಿಸಿದ ಲಾಬ್‌ಸ್ಟರ್ ಒಂದನ್ನು ತಂದು ತೋರಿಸಿ ಅದನ್ನೂ ನಗೆಯ ವಸ್ತುವಾಗಿಸಿದನು. ಬ್ಯಾಟ್‌ಮನ್ ಪತ್ರಿಕೆಯ ಸಂಪಾದಕ ಡೆನಿಸ್ ಓನೀಲ್ ಅವರಿಗೆ ಜೇಸನ್ನನ ಮತದಾನದ ಕಲ್ಪನೆ ಹುಟ್ಟಿದ್ದು ಈ ಕಾರ್ಯಕ್ರಮದಿಂದ. ಜೀವವಿದ್ದ ಪ್ರಾಣಿಗೆ ಬಹುಮತದ ದಯೆಯೂ ರಕ್ಷೆಯಾಗಲಿಲ್ಲ. ಕಾಗದದ ಬಾಲಕನಿಗೆ ಆ ದಯೆಯೂ ಸಿಗಲಿಲ್ಲ. ಎರಡು ಕಡೆಯಲ್ಲಿಯೂ ಒಂದು ಜೀವವನ್ನು ಉಳಿಸುವ ಅಥವಾ ಕಳೆಯುವ ನಿರ್ಧಾರವು ವಿನೋದದ ಸಾಮಗ್ರಿಯಾಯಿತು.

ಅಂದಿನಿಂದ ಇಂದಿನವರೆಗೆ ಇಂಥ ಘೋರ ಪ್ರಸಂಗಗಳ ಬಗ್ಗೆ ಆ ಕಥೆಗಳ ಅಭಿಮಾನಿಗಳಲ್ಲಿ ವಾದವಿವಾದ ನಿಂತಿಲ್ಲ. ಒಂದು ಪಕ್ಷದವರ ವಾದವೆಂದರೆ, ಇದು ಕೇವಲ ಕಲ್ಪನೆ. ಲೋಕದಲ್ಲಿ ಕ್ರೌರ್ಯವಿರುವಾಗ ಕಥೆಯಲ್ಲಿ ಅದನ್ನು ಮರೆಮಾಚುವುದು ಸುಳ್ಳು. ಇನ್ನೊಂದು ಪಕ್ಷದವರ ವಾದವೆಂದರೆ, ಮಕ್ಕಳಿಗಾಗಿ ಹುಟ್ಟಿದ ಪಾತ್ರಗಳನ್ನು ಹೀಗೆ ಹಿಂಸಿಸುವುದು ಮಾರಾಟದ ತಂತ್ರವೇ ಹೊರತು ಸತ್ಯನಿಷ್ಠೆಯಲ್ಲ. ಅನೇಕಾಂತ ದೃಷ್ಟಿಯುಳ್ಳವನು ಇವೆರಡರಲ್ಲಿಯೂ ಇರುವ ಸತ್ಯಾಂಶವನ್ನು ಗುರುತಿಸಬೇಕು.

ಮೊದಲನೆಯ ಪಕ್ಷಕ್ಕೆ ಚರಿತ್ರೆಯ ಬೆಂಬಲವಿದೆ. ಚಿತ್ರಕಥೆಗಳು ಬಾಲಕರನ್ನು ಕೆಡಿಸುತ್ತವೆಂದು 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಗ್ರಂಥ ಬರೆದರು. ಅದೇ ವರ್ಷ ಪ್ರಕಾಶಕರು ತಮಗೆ ತಾವೇ ‘ಕಾಮಿಕ್ಸ್ ಕೋಡ್’ ಎಂಬ ನಿಯಮಾವಳಿಯನ್ನು ಹಾಕಿಕೊಂಡರು. ಪ್ರತಿ ಕಥೆಯಲ್ಲಿಯೂ ಒಳಿತೇ ಗೆಲ್ಲಬೇಕು, ಅಪರಾಧಿಗೆ ಶಿಕ್ಷೆಯಾಗಲೇಬೇಕು ಎಂದು ಅದು ವಿಧಿಸಿತು. ಪರಿಣಾಮವೇನಾಯಿತೆಂದರೆ, 1971ರಲ್ಲಿ ಸರಕಾರದ ಆರೋಗ್ಯ ಇಲಾಖೆಯ ಕೋರಿಕೆಯಂತೆಯೇ ಮಾದಕ ದ್ರವ್ಯದ ಕೆಡುಕನ್ನು ತೋರಿಸಲು ಸ್ಟ್ಯಾನ್ ಲೀ ಬರೆದ ಸ್ಪೈಡರ್‌ಮ್ಯಾನ್ ಕಥೆಗೂ ಆ ಮಂಡಲಿಯ ಮುದ್ರೆ ದೊರೆಯಲಿಲ್ಲ. ಮುದ್ರೆಯಿಲ್ಲದೆಯೇ ಅದನ್ನು ಪ್ರಕಟಿಸಬೇಕಾಯಿತು. ಕತ್ತಲೆಯನ್ನು ಹೆಸರಿಸಬಾರದೆಂಬ ನಿಯಮವು ಕತ್ತಲೆಯನ್ನು ಕಳೆಯದು.

ನಮ್ಮ ಕವಿಗಳೂ ಕ್ರೌರ್ಯದ ಚಿತ್ರಣಕ್ಕೆ ಹಿಂಜರಿದವರಲ್ಲ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಪತ್ನಿಯೇ ಪತಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಮಾರಿಯ ಗುಡಿಯಲ್ಲಿ ನರಬಲಿಗೆ ಸಿದ್ಧತೆ ನಡೆಯುತ್ತದೆ. ಇದಕ್ಕಿಂತ ಭಯಾನಕವಾದ ಕಥಾವಸ್ತು ಆಧುನಿಕ ಚಿತ್ರಕಥೆಗಳಲ್ಲಿಯೂ ವಿರಳ. ಆದುದರಿಂದ, ಘೋರವನ್ನು ಬರೆದುದೇ ದೋಷವೆಂದು ಜೈನನಾದವನು ಹೇಳಲಾರನು.

ಆದರೆ ಅದೇ ಕಾವ್ಯವು ‘ಕೇವಲ ಕಲ್ಪನೆ’ ಎಂಬ ಸಮಾಧಾನವನ್ನೂ ಒಪ್ಪುವುದಿಲ್ಲ. ದುಃಸ್ವಪ್ನದ ಶಾಂತಿಗಾಗಿ ಪ್ರಾಣಿಬಲಿ ಕೊಡೆಂದು ತಾಯಿ ಚಂದ್ರಮತಿ ಒತ್ತಾಯಿಸಿದಾಗ, ಯಶೋಧರನು ಜೀವವಧೆಗೆ ಒಪ್ಪದೆ, ಕೊನೆಗೆ ಆಕೆಯ ಮನಸ್ಸನ್ನು ನೋಯಿಸಲಾರದೆ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಅಲ್ಲಿ ಕತ್ತಿಗೆ ಸಿಕ್ಕಿದ್ದು ಹಿಟ್ಟು. ಸಂಕಲ್ಪಕ್ಕೆ ಸಿಕ್ಕಿದ್ದು ಕೋಳಿ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ನಾಯಿಯಾಗಿ, ನವಿಲಾಗಿ, ಇನ್ನೂ ಹಲವು ಜನ್ಮಗಳಲ್ಲಿ ತೊಳಲುತ್ತಾರೆ. ಹಿಟ್ಟಿನ ಕೋಳಿಗೂ ಶಾಯಿಯ ಬಾಲಕನಿಗೂ ಈ ದೃಷ್ಟಿಯಲ್ಲಿ ಹೆಚ್ಚಿನ ಅಂತರವಿಲ್ಲ. ಜೇಸನ್ನನ ಮರಣದಲ್ಲಿ ದ್ರವ್ಯಹಿಂಸೆ ಇಲ್ಲವೆಂಬುದು ನಿಶ್ಚಿತ; ಭಾವಹಿಂಸೆ ಇತ್ತೇ ಎಂಬುದೇ ಪ್ರಶ್ನೆ. ಕರೆ ಮಾಡಿದವರೆಲ್ಲರ ಭಾವ ಒಂದೇ ಎನ್ನಲಾಗದು. ಕೆಲವರಿಗೆ ಕುತೂಹಲವಿದ್ದೀತು, ಕೆಲವರಿಗೆ ಲೇಖಕರ ಮೇಲಿನ ಅಸಮಾಧಾನವಿದ್ದೀತು. ಆದರೆ ಹಿಂಸೆಯನ್ನು ನೆನೆದು ಸಂತೋಷಿಸುವುದನ್ನು ಶಾಸ್ತ್ರವು ಹಿಂಸಾನಂದವೆಂಬ ರೌದ್ರಧ್ಯಾನವೆಂದು ಕರೆದಿದೆ. ಮತ್ತೆ ಮತ್ತೆ ಹಣ ತೆತ್ತು ಸಾಯಲಿ ಎಂದು ಒತ್ತಿದ ಬೆರಳು ಅದಕ್ಕೆ ದೂರವಿತ್ತೆಂದು ಹೇಳುವುದು ಕಷ್ಟ. ಓದುಗನು ಅಲ್ಲಿ ಅನುಮತವನ್ನು ದಾಟಿ ಕಾರಿತದ ಹೊಸ್ತಿಲನ್ನೂ ತುಳಿದನು.

ಹಾಗಾದರೆ ಒಳ್ಳೆಯ ಘೋರಕಥೆಗೂ ಕೆಟ್ಟ ಘೋರಕಥೆಗೂ ಇರುವ ಭೇದವೇನು? ಅದು ಫಲದಲ್ಲಿದೆ ಎಂದು ನನ್ನ ಅಭಿಪ್ರಾಯ. ಯಶೋಧರನ ಕಥೆಯು ಒಂದು ಏಟಿನ ಬೆನ್ನು ಹಿಡಿದು ಜನ್ಮಜನ್ಮಾಂತರಗಳವರೆಗೆ ಹೋಗುತ್ತದೆ. ಪೆಟ್ಟು ತಿಂದ ಜೀವವನ್ನು ಎಲ್ಲಿಯೂ ಮರೆಯುವುದಿಲ್ಲ. ಆಘಾತವನ್ನೇ ಗುರಿಯಾಗಿಟ್ಟುಕೊಂಡ ಕಥೆಯು ಪೆಟ್ಟನ್ನು ತೋರಿಸಿ, ಪೆಟ್ಟು ತಿಂದವರನ್ನು ಅಲ್ಲಿಯೇ ಬಿಟ್ಟು ಮುಂದೆ ಸಾಗುತ್ತದೆ.

ಈ ಅಳತೆಗೋಲಿನಿಂದ ಕೆಲವು ಪ್ರಸಿದ್ಧ ಉದಾಹರಣೆಗಳನ್ನು ಪರೀಕ್ಷಿಸಬಹುದು. 1973ರ ಸ್ಪೈಡರ್‌ಮ್ಯಾನ್ ಕಥೆಯೊಂದರಲ್ಲಿ, ಶತ್ರುವು ಸೇತುವೆಯಿಂದ ಕೆಳಗೆ ತಳ್ಳಿದ ಗ್ವೆನ್ ಸ್ಟೇಸಿ ಎಂಬ ತರುಣಿಯನ್ನು ನಾಯಕನು ತನ್ನ ಬಲೆಯ ಎಳೆಯಿಂದ ಹಿಡಿಯುತ್ತಾನೆ. ಆದರೆ ಆಕೆ ಬದುಕುವುದಿಲ್ಲ. ಆಕೆಯ ಕುತ್ತಿಗೆಯ ಬಳಿ ಬರೆದ ಒಂದು ಸಣ್ಣ ಶಬ್ದಸೂಚಕದಿಂದ, ಉಳಿಸಲು ಎಸೆದ ಎಳೆಯೇ ಕೊಂದಿತೇ ಎಂಬ ಚರ್ಚೆ ಹುಟ್ಟಿತು. ಓದುಗರು ಲೇಖಕ ಜೆರಿ ಕಾನ್ವೇ ಅವರ ಮೇಲೆ ಕೋಪಗೊಂಡರು. ಆದರೂ ಆ ಸಾವು ನಾಯಕನನ್ನು ಬಿಟ್ಟುಹೋಗಲಿಲ್ಲ. ದಶಕಗಳವರೆಗೆ ಅವನ ಮನಸ್ಸಿನ ಭಾರವಾಗಿ ಉಳಿಯಿತು. ಸದುದ್ದೇಶದ ಕಾರ್ಯವೂ ಪ್ರಾಣಘಾತಕವಾಗಬಹುದೆಂಬ ವಿಚಾರ ಅಲ್ಲಿದೆ. ಅದು ಆಲೋಚನೆಗೆ ಯೋಗ್ಯವಾದ ಘೋರ.

ಇದಕ್ಕೆ ಪ್ರತಿಯಾಗಿ, 1994ರ ಗ್ರೀನ್ ಲ್ಯಾಂಟರ್ನ್ ಸಂಚಿಕೆಯೊಂದರಲ್ಲಿ ನಾಯಕನ ಪ್ರೇಯಸಿ ಅಲೆಕ್ಸಾಂಡ್ರಾಳನ್ನು ಕೊಂದು ಶೀತಕಪಾಟಿನಲ್ಲಿ ತುರುಕಿಡಲಾಗುತ್ತದೆ. ಆಕೆಯ ಪಾತ್ರಕ್ಕೆ ನಾಯಕನ ರೋಷವನ್ನು ಕೆರಳಿಸುವುದರ ಹೊರತು ಬೇರೆ ಕೆಲಸವೇ ಉಳಿಯುವುದಿಲ್ಲ. 1999ರಲ್ಲಿ ಗೇಲ್ ಸಿಮೋನ್ ಎಂಬ ಓದುಗಳು - ಮುಂದೆ ಆಕೆಯೂ ಹೆಸರಾಂತ ಚಿತ್ರಕಥಾ ಲೇಖಕಿಯಾದಳು - ಹೀಗೆ ಕೊಲ್ಲಲ್ಪಟ್ಟ, ಅಂಗಹೀನರಾದ, ಶಕ್ತಿ ಕಳೆದುಕೊಂಡ ಸ್ತ್ರೀಪಾತ್ರಗಳ ಪಟ್ಟಿಯನ್ನು ಮಾಡಿ, ಆ ಶೀತಕಪಾಟಿನ ಹೆಸರಿನಲ್ಲಿಯೇ ಪ್ರಕಟಿಸಿದಳು. ಪಟ್ಟಿಯ ಉದ್ದವೇ ಒಂದು ವಿಮರ್ಶೆಯಾಯಿತು. 2004ರಲ್ಲಿ ಬ್ರಾಡ್ ಮೆಲ್ಟ್‌ಜರ್ ಬರೆದ ‘ಐಡೆಂಟಿಟಿ ಕ್ರೈಸಿಸ್’ ಎಂಬ ಕಥೆಯಲ್ಲಿ, ಹಿಂದಿನ ಕಥೆಗಳಲ್ಲಿ ನಗುನಗುತ್ತಿದ್ದ ಸೂ ಡಿಬ್ನಿ ಎಂಬ ಗೃಹಿಣಿಯ ಕೊಲೆಯನ್ನೂ, ಅದಕ್ಕೆ ಮುಂಚೆ ಆಕೆಯ ಮೇಲೆ ನಡೆದ ಅತ್ಯಾಚಾರವನ್ನೂ ತಂದಾಗ ಅದೇ ಚರ್ಚೆ ಮತ್ತೆ ಉಗ್ರವಾಯಿತು.

ಒಂದೇ ಗಾಯವನ್ನು ಎರಡು ರೀತಿಯಲ್ಲಿ ನೋಡಿದ ನಿದರ್ಶನವೂ ಇದೆ. 1988ರಲ್ಲಿಯೇ ಬಂದ ಅಲನ್ ಮೂರ್ ಅವರ ‘ದ ಕಿಲ್ಲಿಂಗ್ ಜೋಕ್’ ಕೃತಿಯಲ್ಲಿ ಜೋಕರನು ಬಾರ್ಬರಾ ಗಾರ್ಡನ್ ಎಂಬ ತರುಣಿಗೆ ಗುಂಡು ಹೊಡೆದು ಆಕೆಯ ಕಾಲುಗಳ ಶಕ್ತಿಯನ್ನು ಕಳೆಯುತ್ತಾನೆ. ಅಲ್ಲಿ ಕಥೆಗೆ ಬೇಕಾದುದು ಆಕೆಯ ತಂದೆಯ ಸಂಕಟ, ಆಕೆಯದಲ್ಲ. ಮೂರ್ ಅವರೇ ಮುಂದೆ ಆ ಕೃತಿಯ ಬಗ್ಗೆ ಅತೃಪ್ತಿ ವ್ಯಕ್ತಪಡಿಸಿದರು. ಆದರೆ ಕಿಮ್ ಯೇಲ್ ಮತ್ತು ಜಾನ್ ಆಸ್ಟ್ರಾಂಡರ್ ಎಂಬ ಲೇಖಕ ದಂಪತಿಗಳು ಬಾರ್ಬರಾಳನ್ನು ಅಲ್ಲಿಯೇ ಬಿಡಲಿಲ್ಲ. 1989ರಿಂದ ಆಕೆಯನ್ನು ಗಾಲಿಕುರ್ಚಿಯಲ್ಲಿ ಕುಳಿತೇ, ಜ್ಞಾನಬಲದಿಂದ ಇತರರಿಗೆ ದಾರಿ ತೋರುವ ಒರಾಕಲ್ ಎಂಬ ಪಾತ್ರವಾಗಿ ಬೆಳೆಸಿದರು. ಮೊದಲಿನ ಕಥೆಗೆ ಆಕೆ ಉಪಕರಣವಾಗಿದ್ದಳು. ಎರಡನೆಯದರಲ್ಲಿ ತನ್ನದೇ ಸುಖದುಃಖಗಳುಳ್ಳ ಜೀವವಾದಳು.

ಜೇಸನ್ ಟಾಡನ ಕಥೆಯೂ ಮುಗಿಯಲಿಲ್ಲ. 2005ರಲ್ಲಿ ಅವನು ಮರಳಿ ಬಂದನು. ತನ್ನನ್ನು ಉಳಿಸಲಿಲ್ಲವೆಂಬುದಕ್ಕಿಂತ, ತನ್ನನ್ನು ಕೊಂದ ಜೋಕರನನ್ನು ಇನ್ನೂ ಏಕೆ ಬದುಕಗೊಟ್ಟೆ ಎಂಬುದೇ ಬ್ಯಾಟ್‌ಮನ್ನನಿಗೆ ಅವನು ಕೇಳಿದ ಪ್ರಶ್ನೆ. ವೈರವು ವೈರವನ್ನೇ ಹೆರುತ್ತದೆಂಬುದು ಇಲ್ಲಿ ತಾನಾಗಿ ನಿರೂಪಿತವಾಗಿದೆ. ಕೊಲ್ಲಲಾರೆನೆಂಬ ಬ್ಯಾಟ್‌ಮನ್ನನ ವ್ರತ ಪೂರ್ಣ ಅಹಿಂಸೆಯಲ್ಲ. ಅವನು ಹೊಡೆಯುತ್ತಾನೆ, ಬೆದರಿಸುತ್ತಾನೆ. ಆದರೂ ಪ್ರೀತಿಯ ಮಗನ ಮಾತಿಗೂ ಅವನು ಆ ಒಂದು ಗೆರೆಯನ್ನು ದಾಟದಿರುವುದು ಗಮನಾರ್ಹ. 2023ರ ಕೊನೆಯಲ್ಲಿ, ಅಂದು ಬದಿಗಿಟ್ಟಿದ್ದ ಬದುಕಿಸುವ ಪುಟವನ್ನು ಸೇರಿಸಿ ಹಳೆಯ ಸಂಚಿಕೆಯನ್ನು ಪುನಃ ಅಚ್ಚು ಹಾಕಿದರು. ಮೂವತ್ತೈದು ವರ್ಷಗಳ ಅನಂತರವೂ ಆ 72 ಕರೆಗಳ ನೆನಪು ಆ ಓದುಗರನ್ನು ಬಿಟ್ಟಿರಲಿಲ್ಲ.

ಈ ಕಥೆಗಳು ಇಂದು ಚಲನಚಿತ್ರಗಳಾಗಿ ನಮ್ಮ ಮನೆಗಳಿಗೂ ಬಂದಿವೆ. ಮಕ್ಕಳಿಂದ ಅವನ್ನು ಕಿತ್ತುಕೊಳ್ಳುವುದು 1954ರ ನಿಯಮಾವಳಿಯ ದಾರಿ. ಅದು ಎಲ್ಲಿಗೆ ಒಯ್ದಿತೆಂಬುದನ್ನು ನೋಡಿದ್ದೇವೆ. ಅದರ ಬದಲು ತಂದೆತಾಯಿಗಳು, ಬಸದಿಗಳ ಪಾಠಶಾಲೆಗಳನ್ನು ನಡೆಸುವ ಹಿರಿಯರು, ಮಕ್ಕಳೊಡನೆ ಕುಳಿತು ಎರಡು ಪ್ರಶ್ನೆಗಳನ್ನು ಕೇಳುವುದು ಶ್ರೇಯಸ್ಕರ. ಪೆಟ್ಟು ತಿಂದವರಿಗೆ ಆಮೇಲೆ ಏನಾಯಿತು? ಇದನ್ನು ಓದುವಾಗ ಯಾರು ಸಾಯಲೆಂದು ನಿನ್ನ ಮನಸ್ಸು ಬಯಸಿತು? ಮೊದಲನೆಯ ಪ್ರಶ್ನೆ ಕಥೆಯನ್ನು ಪರೀಕ್ಷಿಸುತ್ತದೆ. ಎರಡನೆಯದು ಓದುಗನನ್ನು ಪರೀಕ್ಷಿಸುತ್ತದೆ. ಅದನ್ನು ಮಕ್ಕಳಿಗಿಂತ ಮೊದಲು ಹಿರಿಯರು ತಮಗೆ ತಾವೇ ಕೇಳಿಕೊಳ್ಳುವುದು ಉಚಿತ. ದಿನವೂ ಪ್ರತಿಕ್ರಮಣದಲ್ಲಿ ಮನೋವಚನಕಾಯಗಳ ದೋಷಗಳನ್ನು ನೆನೆಯುವ ಶ್ರಾವಕನಿಗೆ, ಪುಸ್ತಕ ಹಿಡಿದು ಕುಳಿತ ಗಳಿಗೆಯೂ ಆ ಲೆಕ್ಕಕ್ಕೆ ಹೊರತಾದುದಲ್ಲ.