ಹೋಮರ್ ಸಿಂಪ್ಸನ್‌ನ ಸಂಬಳ

‘ದಿ ಸಿಂಪ್ಸನ್ಸ್’ ಕೆಟ್ಟುಹೋಯಿತು ಎಂಬ ದೂರಿಗೂ ಹೆಚ್ಚುಕಮ್ಮಿ ಆ ಧಾರಾವಾಹಿಯಷ್ಟೇ ವಯಸ್ಸು. 1989ರ ಡಿಸೆಂಬರ್ 17ರಂದು ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಶುರುವಾದ ಈ ಕಾರ್ಟೂನ್ ಸಂಸಾರ 750ಕ್ಕೂ ಹೆಚ್ಚು ಕಂತು ದಾಟಿ ಇನ್ನೂ ನಡೆಯುತ್ತಲೇ ಇದೆ. ಮಗ ಬಾರ್ಟ್‌ಗೆ ಇಂದಿಗೂ ಹತ್ತು, ಮಗಳು ಲೀಸಾಗೆ ಎಂಟು. ತಲೆ ನೆರೆತಿರುವುದು ನೋಡುವವರಿಗೆ ಮಾತ್ರ. 1997ರ ಫೆಬ್ರವರಿಯಲ್ಲಿ 167ನೇ ಕಂತು ಬಂದು ‘ದಿ ಫ್ಲಿಂಟ್‌ಸ್ಟೋನ್ಸ್’ನ 166 ಕಂತುಗಳ ದಾಖಲೆ ಮುರಿಯಿತು. ಗೊಣಗಾಟ ಆಗಲೇ ಎಷ್ಟು ಜೋರಾಗಿತ್ತೆಂದರೆ, ಅದೇ ಕಂತಿನಲ್ಲಿ ಬರಹಗಾರರು ಗೊಣಗುವ ಅಭಿಮಾನಿಯನ್ನೇ ಪಾತ್ರವಾಗಿಸಿ ಚೆನ್ನಾಗಿ ಗೇಲಿ ಮಾಡಿದರು. ಅಂದಿನಿಂದ ವಾದ ಎರಡೇ ದಾರಿಯಲ್ಲಿ ಓಡಾಡುತ್ತಿದೆ. ಒಳ್ಳೆಯ ಬರಹಗಾರರು ಬಿಟ್ಟುಹೋದರು, ಟ್ರಾಯ್ ಮೆಕ್‌ಕ್ಲೂರ್‌ನಂಥ ಪಾತ್ರಗಳಿಗೆ ಜೀವ ತುಂಬಿದ್ದ ಫಿಲ್ ಹಾರ್ಟ್‌ಮನ್ 1998ರಲ್ಲಿ ತೀರಿಕೊಂಡರು, ಆಮೇಲೆ ಉಳಿದದ್ದು ಸಿಪ್ಪೆ ಎನ್ನುವುದು ಒಂದು ಕಡೆಯವರ ಮಾತು. ಕೆಟ್ಟದ್ದು ಧಾರಾವಾಹಿಯಲ್ಲ, ನಿಮ್ಮ ಬಾಲ್ಯ ಮುಗಿಯಿತು ಅಷ್ಟೇ ಎನ್ನುವುದು ಇನ್ನೊಂದು ಕಡೆಯವರದು. ಎರಡರಲ್ಲೂ ಒಂದಿಷ್ಟು ನಿಜವಿದೆ. ಆದರೆ ಈ ಕುಸಿತವನ್ನು ಸರಿಯಾಗಿ ಅಳೆಯುವ ಕೋಲು ಇರುವುದು ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಕಡೆಯಲ್ಲಿ ಎಂಬುದು ಈ ಲೇಖನದ ವಾದ. ಈ ಧಾರಾವಾಹಿಯ ಜೀವ ಇದ್ದದ್ದು ಒಬ್ಬ ಕಾರ್ಮಿಕನ ಸಂಬಳದ ಲೆಕ್ಕದಲ್ಲಿ. ಆ ಲೆಕ್ಕ ತಪ್ಪಿದಾಗ ಅದು ಕೆಟ್ಟಿತು, ಮತ್ತೆ ಲೆಕ್ಕಕ್ಕೆ ಕೂತಾಗ ಚೇತರಿಸಿಕೊಂಡಿತು.

ಮೊದಲ ಕಂತನ್ನೇ ತೆಗೆದುಕೊಳ್ಳಿ. ಕ್ರಿಸ್‌ಮಸ್ ಹತ್ತಿರ ಬಂದಿದೆ, ಅಪ್ಪ ಹೋಮರ್ ದುಡಿಯುವ ಅಣುಸ್ಥಾವರದ ಮಾಲೀಕ ಬರ್ನ್ಸ್ ಈ ವರ್ಷ ಬೋನಸ್ ಇಲ್ಲ ಎನ್ನುತ್ತಾನೆ. ಕೂಡಿಟ್ಟ ದುಡ್ಡು ಬಾರ್ಟ್‌ನ ಹಚ್ಚೆ ಅಳಿಸಲು ಖರ್ಚಾಗಿದೆ. ಹೋಮರ್ ಮನೆಯಲ್ಲಿ ಬಾಯಿಬಿಡದೆ ಅಂಗಡಿಯಲ್ಲಿ ಸಾಂಟಾ ವೇಷ ಹಾಕುತ್ತಾನೆ. ಕೊನೆಗೆ ಕೈಗೆ ಬಂದ ಚೆಕ್ಕು 13 ಡಾಲರಿನದು. ತರಬೇತಿಯ ಖರ್ಚು, ವೇಷದ ಖರ್ಚು, ಗಡ್ಡದ ಬಾಡಿಗೆ ಎಲ್ಲವನ್ನೂ ಮುರಿದುಕೊಂಡು ಕೊಟ್ಟದ್ದು. ಸಮವಸ್ತ್ರದ ಹಣ, ಊಟದ ಹಣ, ವ್ಯಾನಿನ ಹಣ ಮುರಿದುಕೊಂಡು ಕೈಗಿಡುವ ಗುತ್ತಿಗೆದಾರನನ್ನು ಬಲ್ಲವರಿಗೆ ಈ ದೃಶ್ಯಕ್ಕೆ ಅಡಿಟಿಪ್ಪಣಿ ಬೇಕಿಲ್ಲ. 1993ರ ಮಾರ್ಚ್‌ನಲ್ಲಿ ಬಂದ ‘ಲಾಸ್ಟ್ ಎಕ್ಸಿಟ್ ಟು ಸ್ಪ್ರಿಂಗ್‌ಫೀಲ್ಡ್’ ಇದೇ ಹಾಸ್ಯವನ್ನು ಎತ್ತರಕ್ಕೆ ಒಯ್ದ ಕಂತು. ಯೂನಿಯನ್ ಒಪ್ಪಂದದಿಂದ ಹಲ್ಲಿನ ಚಿಕಿತ್ಸೆಯ ಸೌಲಭ್ಯ ತೆಗೆಯಲು ಬರ್ನ್ಸ್ ಹೊಂಚು ಹಾಕಿದ್ದಾನೆ. ಬದಲಿಗೆ ಸಿಗುವ ಬಿಯರ್ ಪೀಪಾಯಿಗಾಗಿ ಕಾರ್ಮಿಕರು ಸಾಲುಗಟ್ಟಿದ್ದಾರೆ. ಹೋಮರ್‌ನ ಮಂದ ತಲೆಯಲ್ಲಿ ಎರಡು ವಾಕ್ಯ ಒಂದರ ಹಿಂದೊಂದು ಸುತ್ತತೊಡಗುತ್ತವೆ: ಹಲ್ಲಿನ ಸೌಲಭ್ಯ ಹೋಗುತ್ತದೆ, ಮಗಳ ಹಲ್ಲಿಗೆ ತಂತಿ ಕಟ್ಟಿಸಬೇಕು. ಎರಡನ್ನೂ ಕೂಡಿಸಿ ಅರ್ಥ ಮಾಡಿಕೊಳ್ಳಲು ಅವನಿಗೆ ಹಿಡಿಯುವ ಹೊತ್ತೇ ಇಡೀ ನಗೆಯ ಮೂಲ. ಸಂಬಳ 21,000 ರೂಪಾಯಿಯ ಗೆರೆ ದಾಟಿದರೆ ಇಎಸ್‌ಐ ಕೈತಪ್ಪುತ್ತದೆ, ದಾಟದಿದ್ದರೆ ಬಾಡಿಗೆಗೆ ಸಾಲದು ಎಂದು ಲೆಕ್ಕ ಹಾಕುವ ಪೀಣ್ಯದ ಲೇತ್ ಆಪರೇಟರ್‌ಗೆ ಈ ಕಂತು ತೋರಿಸಿದರೆ, ಇಂಗ್ಲಿಷ್ ಅರ್ಧ ತಿಳಿಯದಿದ್ದರೂ ನಗು ಪೂರ್ತಿ ತಿಳಿದೀತು.

ಈ ಪರಂಪರೆ ಶಿಖರ ಮುಟ್ಟಿದ್ದು 1997ರ ಮೇ 4ರ ‘ಹೋಮರ್ಸ್ ಎನಿಮಿ’ಯಲ್ಲಿ. ಕುಸಿತದ ಬೀಜವೂ ಅಲ್ಲೇ ಬಿತ್ತು. ಅಣುಸ್ಥಾವರಕ್ಕೆ ಫ್ರ್ಯಾಂಕ್ ಗ್ರೈಮ್ಸ್ ಎಂಬ ಹೊಸಬ ಕೆಲಸಕ್ಕೆ ಸೇರುತ್ತಾನೆ. ಬಾಲ್ಯದಲ್ಲೇ ಹೆತ್ತವರು ಬಿಟ್ಟುಹೋದವನು, ಕಷ್ಟದಲ್ಲಿ ಓದಿಕೊಂಡವನು, ಮೇಲೊಂದು ಕೆಳಗೊಂದು ಬೌಲಿಂಗ್ ಅಂಗಳವಿರುವ ಕಟ್ಟಡದ ನಡುವಿನ ಕೋಣೆಯಲ್ಲಿ ಬಾಡಿಗೆಗಿರುವವನು. ರಾತ್ರಿ ಇನ್ನೊಂದು ಕಡೆ ದುಡಿಯುವವನು. ಹೋಮರ್‌ನ ಮನೆಗೆ ಹೋದರೆ ಎರಡು ಅಂತಸ್ತಿನ ಮನೆ, ಎರಡು ಕಾರು, ಊಟಕ್ಕೆ ಲಾಬ್‌ಸ್ಟರ್. ಕೆಲಸಕ್ಕೆ ಬಾರದ ಈ ಮನುಷ್ಯನಿಗೆ ಇದೆಲ್ಲ ಹೇಗೆ ಬಂತು ಎಂದು ಅವನು ಕೇಳುತ್ತಾನೆ. ಉತ್ತರ ಸಿಗುವುದಿಲ್ಲ, ಹುಚ್ಚು ಹಿಡಿದು, ಕರೆಂಟು ಹೊಡೆದು ಸಾಯುತ್ತಾನೆ. ಅವನ ಅಂತ್ಯಕ್ರಿಯೆಯಲ್ಲೂ ಹೋಮರ್ ನಿದ್ದೆ ಮಾಡುತ್ತಾನೆ. ಇಷ್ಟು ಕ್ರೂರವಾದ ಕಂತನ್ನು ಜನ ಆಗ ಮೆಚ್ಚಲಿಲ್ಲ, ಈಗ ಹೊಗಳುತ್ತಾರೆ. ನಮ್ಮ ಐಟಿ ವಲಯದಲ್ಲಿ ಗ್ರೈಮ್ಸ್ ಯಾರೆಂದು ವಿವರಿಸುವ ಅಗತ್ಯವೇ ಇಲ್ಲ. ಒಂದೇ ಮಹಡಿಯಲ್ಲಿ, ಒಂದೇ ಕೆಲಸ ಮಾಡುತ್ತ, ಬೇರೆ ಬಣ್ಣದ ಐಡಿ ಕಾರ್ಡ್ ತೊಟ್ಟ ಗುತ್ತಿಗೆ ನೌಕರ ಅವನು. ಧಾರಾವಾಹಿ ತನ್ನ ಬಾಯಿಂದಲೇ ತನ್ನ ಬುಡ ಅಲುಗಾಡಿಸುವ ಪ್ರಶ್ನೆ ಕೇಳಿಕೊಂಡಿತು. ಇಷ್ಟಾದ ಮೇಲೆ ಅದಕ್ಕೆ ಎರಡೇ ದಾರಿ: ಉತ್ತರ ಹೇಳುವುದು, ಇಲ್ಲವೇ ನಿಲ್ಲಿಸುವುದು. ಅದು ಮೂರನೆಯದನ್ನು ಹಿಡಿಯಿತು, ಪ್ರಶ್ನೆಯನ್ನೇ ಮರೆತಂತೆ ನಟಿಸಿತು. ಆಮೇಲಿನ ವರ್ಷಗಳಲ್ಲಿ ಹೋಮರ್‌ನ ಕೆಲಸ ನೆಪಮಾತ್ರವಾಯಿತು. ಪ್ರವಾಸಗಳು ಹೆಚ್ಚಿದವು, ಸಿನಿಮಾ ತಾರೆಯರು ತಾವೇ ಬಂದು ತಮ್ಮ ದನಿ ಕೊಟ್ಟು ಹೋಗುವುದು ಹೆಚ್ಚಾಯಿತು, ಮನೆಸಾಲದ ಕಂತು ಕಟ್ಟುವ ಮಾತು ಹಿಂದೆ ಬಿತ್ತು.

ಹಾಗೆ ಮರೆತ ಪ್ರಶ್ನೆ ಒಮ್ಮೆ ತಾನಾಗಿಯೇ ಬಾಗಿಲಿಗೆ ಬಂದಿತ್ತು, ಅದೂ ನಮ್ಮೂರಿನ ವಿಳಾಸದಿಂದ. 2006ರ ಏಪ್ರಿಲ್ 9ರಂದು ಪ್ರಸಾರವಾದ 17ನೇ ಸೀಸನ್ನಿನ ಕಂತಿನ ಹೆಸರು ‘ಕಿಸ್ ಕಿಸ್, ಬ್ಯಾಂಗ್ ಬ್ಯಾಂಗಲೂರ್’. ಬರ್ನ್ಸ್ ಅಣುಸ್ಥಾವರದ ಕೆಲಸವನ್ನು ಬೆಂಗಳೂರಿಗೆ ಹೊರಗುತ್ತಿಗೆ ಕೊಡುತ್ತಾನೆ. ಹೋಮರ್‌ನ ಊರಾದ ಸ್ಪ್ರಿಂಗ್‌ಫೀಲ್ಡ್‌ನ ನೌಕರರು ಕೆಲಸ ಕಳೆದುಕೊಂಡರೆ, ಹೋಮರ್ ಇಲ್ಲಿಯವರಿಗೆ ತರಬೇತಿ ಕೊಡಲು ವಿಮಾನ ಹತ್ತುತ್ತಾನೆ. ವಿಷಯದ ಆಯ್ಕೆ ಇದಕ್ಕಿಂತ ಹದವಾಗಿರುವುದು ಸಾಧ್ಯವಿರಲಿಲ್ಲ. ಕೆಲಸ ಬೆಂಗಳೂರಿಗೆ ಹೋಯಿತು ಎನ್ನಲು ಅಮೆರಿಕದಲ್ಲಿ ನಮ್ಮೂರಿನ ಹೆಸರೇ ಕ್ರಿಯಾಪದವಾಗಿ ಬಳಕೆಗೆ ಬಂದಿದ್ದ ಕಾಲ ಅದು. ಪತ್ರಕರ್ತ ಥಾಮಸ್ ಫ್ರೀಡ್‌ಮನ್ ಎಲೆಕ್ಟ್ರಾನಿಕ್ ಸಿಟಿಯ ಇನ್ಫೊಸಿಸ್ ಆವರಣದಿಂದ ಸ್ಫೂರ್ತಿ ಪಡೆದು ಜಗತ್ತು ಚಪ್ಪಟೆ ಎಂದು ಪುಸ್ತಕ ಬರೆದು ಒಂದು ವರ್ಷವಾಗಿತ್ತು. ಹೋಮರ್‌ನ ಮನೆ ಯಾರ ದುಡಿಮೆಯ ಮೇಲೆ ನಿಂತಿದೆ ಎಂಬ ಗ್ರೈಮ್ಸ್‌ನ ಪ್ರಶ್ನೆಗೆ ಜಗತ್ತಿನ ಇನ್ನೊಂದು ತುದಿಯಿಂದ ಉತ್ತರ ಕೊಡುವ ಅವಕಾಶ. ಕಂತು ಮಾಡಿದ್ದೇನು? ಹೋಮರ್ ತನ್ನನ್ನೇ ದೇವರೆಂದು ಭ್ರಮಿಸಿಕೊಳ್ಳುತ್ತಾನೆ, ಪೂಜೆ ಬಯಸುತ್ತಾನೆ. ಅರ್ಧ ಕಾಲ ‘ಮೆಕ್‌ಗೈವರ್’ ನಟ ರಿಚರ್ಡ್ ಡೀನ್ ಆಂಡರ್ಸನ್‌ನನ್ನು ಹೋಮರ್‌ನ ಹೆಂಡತಿಯ ಅಕ್ಕಂದಿರು ಅಪಹರಿಸುವ ಉಪಕತೆಗೆ ಹೋಗುತ್ತದೆ. ಬೆಂಗಳೂರು ಎಂದು ಗುರುತಿಸಬಹುದಾದ ಬೀದಿಯಾಗಲಿ ಮಾತಾಗಲಿ ಅಲ್ಲಿ ಸಿಗುವುದಿಲ್ಲ.

ಈ ಕಂತಿಗೂ ಒಂದು ಒಳ್ಳೆಯ ಕ್ಷಣವಿದೆ, ಅದನ್ನು ಮುಚ್ಚಿಟ್ಟರೆ ಅನ್ಯಾಯ. ಹೋಮರ್ ಇಲ್ಲಿಯ ನೌಕರರಿಗೆ ಕಲಿಸಿದ್ದು ಅಣುವಿಜ್ಞಾನವಲ್ಲ. ಕಾಫಿ ವಿರಾಮ, ರಜೆ, ಬೇಗ ನಿವೃತ್ತಿ, ಕೆಲಸದಿಂದ ತೆಗೆದರೆ ಕೈತುಂಬ ಪರಿಹಾರ. ಬರ್ನ್ಸ್ ಎಲ್ಲರನ್ನೂ ವಜಾ ಮಾಡಿದಾಗ ನೌಕರರು ಹಿಗ್ಗಿ ಕುಣಿಯುತ್ತಾರೆ. ಅಮೆರಿಕ ರಫ್ತು ಮಾಡಬೇಕಾದ್ದು ಕೆಲಸವನ್ನಲ್ಲ, ಕಾರ್ಮಿಕರ ಹಕ್ಕನ್ನು ಎಂಬ ಈ ತಮಾಷೆಯಲ್ಲಿ ಹಳೆಯ ‘ಸಿಂಪ್ಸನ್ಸ್’ನ ಕಿಡಿ ಇದೆ. ಆದರೆ ಈ ಹಕ್ಕುಗಳನ್ನು ಬೆಂಗಳೂರಿಗೆ ಹೋಮರ್ ಬಂದು ಕಲಿಸಬೇಕಿತ್ತೇ? ವೈಟ್‌ಫೀಲ್ಡ್‌ಗೆ ಹೋಗುವ ದಾರಿಯಲ್ಲೇ ದೂರವಾಣಿನಗರದ ಐಟಿಐ ಇದೆ. 1980ರ ಕೊನೆಯಿಂದ 1981ರ ಮಾರ್ಚ್‌ವರೆಗೆ 77 ದಿನ ಅಲ್ಲಿಯವರು ಮತ್ತು ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್‌ಗಳ ಕಾರ್ಮಿಕರೆಲ್ಲ ಮುಷ್ಕರ ಹೂಡಿದ್ದರು. ಈ ಕಂತು ಬಂದು ಹತ್ತು ವರ್ಷಕ್ಕೆ, 2016ರ ಏಪ್ರಿಲ್‌ನಲ್ಲಿ, ಪಿಎಫ್ ಹಣ ವಾಪಸು ಪಡೆಯಲು ಕೇಂದ್ರ ತಂದ ನಿರ್ಬಂಧದ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ಸ್ಪ್ರಿಂಗ್‌ಫೀಲ್ಡ್‌ನ ಯೂನಿಯನ್ನನ್ನು ಅಷ್ಟು ಪ್ರೀತಿಯಿಂದ ಬಲ್ಲ ಧಾರಾವಾಹಿಗೆ ಈ ಊರಿಗೂ ಯೂನಿಯನ್ ಇದೆ ಎಂಬ ಅನುಮಾನವೂ ಬರಲಿಲ್ಲ. ಬೆಂಗಳೂರಿನ ಕಂತು ಪ್ರಸಾರವಾದ ಮೂರೇ ದಿನಕ್ಕೆ, 2006ರ ಏಪ್ರಿಲ್ 12ರಂದು, ನಟ ಡಾ. ರಾಜ್‌ಕುಮಾರ್ ತೀರಿಕೊಂಡರು. ನಗರ ಸ್ತಬ್ಧವಾಯಿತು, ಐಟಿ ಕಚೇರಿಗಳು ಬಾಗಿಲು ಹಾಕಿದವು, ಗಲಭೆಯಲ್ಲಿ ಜೀವಗಳೂ ಹೋದವು. ಗಾಜಿನ ಕಟ್ಟಡಗಳಾಚೆ ಒಂದು ಭಾಷೆ, ಅದರ ಸಿಟ್ಟು ಮತ್ತು ಅದರ ದುಃಖ ಇವೆ ಎಂದು ವಿದೇಶಿ ವರದಿಗಾರರು ಆ ವಾರ ಕಂಡುಕೊಂಡರು.

ಕಾರ್ಟೂನಿನಲ್ಲಿ ಊರಿನ ನಿಜ ಚಿತ್ರಣ ಹುಡುಕುವುದು ಅತಿಯಲ್ಲವೇ, ಅದು ಎಲ್ಲರನ್ನೂ ಉತ್ಪ್ರೇಕ್ಷಿಸುತ್ತದಲ್ಲ ಎಂಬ ಆಕ್ಷೇಪ ಸಹಜ. ಅದರ ಬ್ರೆಜಿಲ್, ಆಸ್ಟ್ರೇಲಿಯಾ ಕಂತುಗಳ ಬಗೆಗೂ ಆ ದೇಶದವರು ಮುನಿಸಿಕೊಂಡದ್ದುಂಟು. ಇಲ್ಲಿ ತಕರಾರು ಅವಮಾನದ್ದಲ್ಲ, ಸೋಮಾರಿತನದ್ದು. ಗೊತ್ತಿರುವುದನ್ನು ಮಾತ್ರ ಉತ್ಪ್ರೇಕ್ಷಿಸಲು ಬರುತ್ತದೆ. ಬರ್ನ್ಸ್ ಅತಿರೇಕದ ಮಾಲೀಕ, ಆದರೆ ಆ ಅತಿರೇಕದ ಬುಡದಲ್ಲಿ ಬೋನಸ್ ತಪ್ಪಿಸುವ, ಸೌಲಭ್ಯ ಕತ್ತರಿಸುವ ನಿಜವಾದ ಮಾಲೀಕನ ಚಾಳಿ ಇದೆ. ಬೆಂಗಳೂರಿನ ಕಂತಿನ ಬುಡದಲ್ಲಿ ಇರುವುದು ಹಳೆಯ ಹಾಲಿವುಡ್ ಸಿನಿಮಾಗಳ ಭಾರತ. ಸ್ಪ್ರಿಂಗ್‌ಫೀಲ್ಡ್‌ನ ಭಾರತೀಯ ಅಂಗಡಿಕಾರ ಅಪುವಿನ ಪಾತ್ರದ ಕತೆಯೂ ಇದೇ. 2017ರಲ್ಲಿ ಹಾಸ್ಯ ಕಲಾವಿದ ಹರಿ ಕೊಂಡಬೋಲು ‘ದಿ ಪ್ರಾಬ್ಲಮ್ ವಿತ್ ಅಪು’ ಸಾಕ್ಷ್ಯಚಿತ್ರ ತಂದ ಮೇಲೆ ಚರ್ಚೆಯೆಲ್ಲ ಅವನ ಉಚ್ಚಾರಣೆಯ ಸುತ್ತ ಸುತ್ತಿತು. 2020ರಲ್ಲಿ ಹ್ಯಾಂಕ್ ಅಜಾರಿಯಾ ಆ ದನಿ ಕೊಡುವುದನ್ನು ಬಿಟ್ಟರು. ನನ್ನ ಮಟ್ಟಿಗೆ ಉಚ್ಚಾರಣೆಗಿಂತ ದೊಡ್ಡ ನಷ್ಟ ಬೇರೆಯದು. ಹಳೆಯ ಕಂತುಗಳಲ್ಲಿ ಅಪು ಹಗಲೂ ರಾತ್ರಿ ಅಂಗಡಿ ತೆರೆದಿಟ್ಟು ಬೆನ್ನು ಮುರಿದುಕೊಳ್ಳುವ ದುಡಿಮೆಗಾರನಾಗಿದ್ದ. ಕೊನೆಕೊನೆಗೆ ಬರೀ ಉಚ್ಚಾರಣೆಯಾಗಿ ಉಳಿದ.

ಬಾಲ್ಯದ ಹಂಬಲದ ವಾದ ನಮ್ಮ ಕಡೆ ನಿಲ್ಲುವುದೇ ಇಲ್ಲ. ಭಾರತದಲ್ಲಿ ಇದನ್ನು ನೋಡಿದವರು ಕ್ರಮವಾಗಿ, ವಾರವಾರ ಕಾದು ನೋಡಿದವರಲ್ಲ. ಸ್ಟಾರ್ ವರ್ಲ್ಡ್‌ನ ಮರುಪ್ರಸಾರದಲ್ಲಿ ಸಿಕ್ಕಿದ್ದನ್ನು ಸಿಕ್ಕಂತೆ, ಆಮೇಲೆ ಹಾಟ್‌ಸ್ಟಾರ್‌ನಲ್ಲಿ ಹಳೆಯದು ಹೊಸದನ್ನು ಒಟ್ಟೊಟ್ಟಿಗೆ ನೋಡಿದವರು. ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿಗೆ 1993ರ ಕಂತೂ 2006ರ ಕಂತೂ ಸಮಾನವಾಗಿ ಹಳತು. ವ್ಯತ್ಯಾಸ ಅವಳಿಗೂ ಕಾಣುತ್ತದೆ ಎಂದಾದರೆ ಅದು ನೆನಪಿನ ಮೋಸವಲ್ಲ.

ಮೂವತ್ತೈದು ವರ್ಷ ನಡೆದರೆ ಏನೇ ಆದರೂ ಸವೆಯುತ್ತದೆ ಎಂಬುದು ಇನ್ನೂ ಗಟ್ಟಿಯಾದ ಮಾತು. ರಾಶಿಯವರು 1942ರಲ್ಲಿ ಶುರುಮಾಡಿದ ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು 25 ವರ್ಷಕ್ಕೆ, 1967ರಲ್ಲಿ ನಿಲ್ಲಿಸಿದರು, ಅದರ ಹೆಸರು ಇಂದಿಗೂ ಕೆಟ್ಟಿಲ್ಲ. ಆದರೆ ಅದಕ್ಕೆ ಪ್ರತಿಯಾಗಿ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಇದೆ. ಒಂದೇ ನಾಟಕ, ದಶಕಗಟ್ಟಲೆ, ಸಾವಿರಾರು ಪ್ರಯೋಗ. ಅದು ಹಳಸಲಿಲ್ಲ, ಏಕೆಂದರೆ ಕತೆ ಅದೇ ಇದ್ದರೂ ಬೈಗುಳ ಅಂದಂದಿನದು. ಆ ವಾರದ ಮಂತ್ರಿ, ಆ ವಾರದ ಹಗರಣ ಮಾತಿಗೆ ಬರುತ್ತಿತ್ತು, ಮುಂದಿನ ಸಾಲಿನಲ್ಲಿ ಕೂತ ಅಧಿಕಾರಿ ಕುರ್ಚಿಯಲ್ಲೇ ಕುಗ್ಗುತ್ತಿದ್ದ. ವಯಸ್ಸು ವಿಡಂಬನೆಯನ್ನು ಕೊಲ್ಲುವುದಿಲ್ಲ. ಏಟು ಬೀಳಬೇಕಾದ ಜಾಗ ತಪ್ಪಿದರೆ ಅದು ಸಾಯುತ್ತದೆ.

‘ಸಿಂಪ್ಸನ್ಸ್’ನ ಈಚಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. ಧಾರಾವಾಹಿಯ ಚಿತ್ರಗಳನ್ನು ಮೊದಲಿನಿಂದಲೂ ಹೆಚ್ಚಾಗಿ ಬಿಡಿಸಿದ್ದು ದಕ್ಷಿಣ ಕೊರಿಯಾದ ಸ್ಟುಡಿಯೊಗಳು. ಬರ್ನ್ಸ್ 2006ರಲ್ಲಿ ಮಾಡಿದ ಹೊರಗುತ್ತಿಗೆಯನ್ನು ಧಾರಾವಾಹಿ ತಾನು ಎಂದೋ ಮಾಡಿಯಾಗಿತ್ತು. 2010ರ ಅಕ್ಟೋಬರ್‌ನಲ್ಲಿ ಬ್ಯಾಂಕ್ಸಿ ಎಂಬ ಬೀದಿ ಕಲಾವಿದ ಕಂತಿನ ಆರಂಭದ ದೃಶ್ಯ ರಚಿಸಿ, ಕತ್ತಲ ಕಾರ್ಖಾನೆಯಲ್ಲಿ ಏಷ್ಯಾದ ಕೂಲಿಗಳು ಸಿಂಪ್ಸನ್ ಚಿತ್ರ ಬಿಡಿಸುವುದನ್ನು ತೋರಿಸಿದ. ಕೊರಿಯಾದ ಕಲಾವಿದರಿಗೆ ಅದು ಅನ್ಯಾಯವಾಗಿ ಕಂಡಿತು, ಸ್ವಲ್ಪ ಅನ್ಯಾಯವೂ ಹೌದು. ಆದರೂ ಅಲ್ಲಿ ಮತ್ತೆ ಲೆಕ್ಕದ ಪುಸ್ತಕ ತೆರೆಯಿತು. ಪೂರ್ತಿ ತೆರೆದದ್ದು 2022ರ ಮೇ 22ರ ‘ಪೂರ್‌ಹೌಸ್ ರಾಕ್’ನಲ್ಲಿ. ಬಾರ್ಟ್ ಅಪ್ಪನ ಕೆಲಸದ ಜಾಗ ನೋಡಿ ತಾನೂ ಹೀಗೇ ಬದುಕುತ್ತೇನೆ ಎನ್ನುತ್ತಾನೆ. ಹ್ಯೂ ಜಾಕ್‌ಮನ್ ದನಿ ಕೊಟ್ಟಿರುವ ಜಾಡಮಾಲಿಯೊಬ್ಬ ಹಾಡಿನಲ್ಲೇ ಅವನಿಗೆ ಬುದ್ಧಿ ಹೇಳುತ್ತಾನೆ: ಡಿಗ್ರಿ ಇಲ್ಲದ ಒಬ್ಬನ ಸಂಬಳದಲ್ಲಿ ಮನೆ, ಕಾರು, ಮೂರು ಮಕ್ಕಳು, ಆ ಕಾಲ ಮುಗಿಯಿತು; ಹೇಗೆ ಮುಗಿಯಿತು, ಯಾರು ಮುಗಿಸಿದರು. ಗ್ರೈಮ್ಸ್ ಕೇಳಿ ಇಪ್ಪತ್ತೈದು ವರ್ಷವಾದ ಮೇಲೆ ಉತ್ತರ ಬಂತು. 33ನೇ ಸೀಸನ್ನಿನ ಈ ಕೊನೆಯ ಕಂತು ಹಳೆಯ ಅಭಿಮಾನಿಗಳನ್ನೂ ಹಿಂದಕ್ಕೆ ಕರೆಯಿತು. ಸವೆತ ವಯಸ್ಸಿನದೇ ಆಗಿದ್ದರೆ ಇಷ್ಟು ತಡವಾಗಿ ಇಂಥ ಕಂತು ಹುಟ್ಟಬಾರದಿತ್ತು. ಎಲ್ಲವೂ ಸರಿಹೋಯಿತೆಂದಲ್ಲ, ಅದೇ ಸುತ್ತಿನಲ್ಲಿ ಬೇಸರದ ಕಂತುಗಳೂ ಧಾರಾಳ.

ನಮ್ಮಲ್ಲಿ ಈ ಕತೆಗೆ ಇನ್ನೂ ಒಂದು ಅಧ್ಯಾಯವಿದೆ, ಅದನ್ನು ಯಾರೂ ಬರೆದಿಲ್ಲ. ಬೆಂಗಳೂರಿನ ಟೆಕ್ನಿಕಲರ್ ಸ್ಟುಡಿಯೊದಲ್ಲಿ ಡ್ರೀಮ್‌ವರ್ಕ್ಸ್‌ಗಾಗಿ ವರ್ಷಗಟ್ಟಲೆ ಕಾರ್ಟೂನ್ ತಯಾರಾಯಿತು. 2025ರ ಫೆಬ್ರವರಿಯಲ್ಲಿ ಮಾತೃಸಂಸ್ಥೆ ಕುಸಿದಾಗ ಇಲ್ಲಿಯ ಬಾಗಿಲೂ ಮುಚ್ಚಿ ಭಾರತದಲ್ಲಿ ಸಾವಿರಾರು ಮಂದಿ ಬೀದಿಗೆ ಬಿದ್ದರು. ವಜಾ ಆದಾಗ ಕುಣಿಯುವ ಹೋಮರ್‌ನ ಶಿಷ್ಯರು ಅವರಾಗಿರಲಿಲ್ಲ. ಹೊಸದಾಗಿ ನೋಡುವವರಿಗೆ ನನ್ನ ಸಲಹೆ ಇಷ್ಟು: ಮೊದಲ ಎಂಟು ಸೀಸನ್ ಪೂರ್ತಿ ನೋಡಿ, ಗ್ರೈಮ್ಸ್ ಕಂತನ್ನು ಎರಡು ಸಲ. ಅಲ್ಲಿಂದ 2022ರವರೆಗೆ ಹೆಚ್ಚಿನದನ್ನು ಬಿಟ್ಟರೂ ನಷ್ಟವಿಲ್ಲ. ಬೆಂಗಳೂರಿನ ಕಂತನ್ನು ಮಾತ್ರ ಬಿಡಬೇಡಿ. ಅದನ್ನು ‘ಲಾಸ್ಟ್ ಎಕ್ಸಿಟ್ ಟು ಸ್ಪ್ರಿಂಗ್‌ಫೀಲ್ಡ್’ ಆದ ಕೂಡಲೇ ನೋಡಿ.