ಮೂಡಣಕ್ಕೆ ಹರಿಯುವ ನೀರು

ಹಿಂಗಾರು ಮಳೆ ರಾತ್ರಿಯಿಡೀ ಹೊಡೆದು ಬೆಳಗಿನ ಜಾವಕ್ಕೆ ನಿಂತಿತೆಂದರೆ ಚೆನ್ನೈನ ರಾಯಪುರಂನಲ್ಲಿ ಕ್ಯಾಮೆರಾ ಹಿಡಿದು ಹೊರಡಲು ಅದೇ ಹೊತ್ತು. ಇಲ್ಲಿ ಗುಡ್ಡವಿಲ್ಲ, ಝರಿಯಿಲ್ಲ, ಸಮುದ್ರಕ್ಕಿಂತ ತುಸುವೇ ಎತ್ತರದ ನೆಲ. ಆದರೆ ಚೆನ್ನೈಗೆ ವರ್ಷದಲ್ಲಿ ಬೀಳುವ ಸುಮಾರು 1400 ಮಿ.ಮೀ. ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಟೋಬರ್‌ನಿಂದ ಡಿಸೆಂಬರಿನೊಳಗೆ ಸುರಿದುಹೋಗುತ್ತದೆ. ಅಷ್ಟು ನೀರಿಗೆ ಬೀದಿಯೇ ಹಳ್ಳ. ಆಗುಂಬೆ ಕಡೆಯವರು ಒಪ್ಪಲಿಕ್ಕಿಲ್ಲ. ನಾನಂತೂ ಹಳ್ಳವೆಂದೇ ಕರೆಯುತ್ತೇನೆ.

ಮಲೆನಾಡಿನ ಹಳ್ಳ ಬಂಡೆಗೆ ಬಡಿದು, ಗಾಳಿಯನ್ನು ಒಳಗೆಳೆದುಕೊಂಡು ಬೆಳ್ಳಗಾಗುತ್ತದೆ. ಅದರೆದುರು ಟ್ರೈಪಾಡ್ ಊರಿ, ಶಟರ್ ಒಂದೆರಡು ಸೆಕೆಂಡು ತೆರೆದಿಟ್ಟು ನೀರನ್ನು ರೇಷ್ಮೆ ಮಾಡುವ ಚಿತ್ರಗಳು ಬೇಕಾದಷ್ಟಿವೆ. ನನಗೆ ಅವು ಹಿಡಿಸುವುದಿಲ್ಲ, ನೀರಿನ ಕಸುವೇ ಅಲ್ಲಿ ಕಾಣೆಯಾಗಿರುತ್ತದೆ. ರಾಯಪುರಂನ ಇಳಿಜಾರು ನೀರನ್ನು ಬೆಳ್ಳಗಾಗಿಸುವಷ್ಟು ಕಡಿದಲ್ಲ. ಬಗ್ಗಿ ನೋಡಬೇಕು: ಡಾಂಬರಿನ ಮೇಲೆ ಬೆರಳ ದಪ್ಪವೂ ಇಲ್ಲದ ನೀರು ಒಂದೇ ಸಮನೆ ಹರಿಯಲಾರದೆ ಸಣ್ಣ ಸಣ್ಣ ಅಲೆಗಳಾಗಿ ಒಡೆಯುತ್ತದೆ. ಎರಡೂ ಅಂಚಿನಿಂದ ಓರೆಯಾಗಿ ಬಂದ ಗೆರೆಗಳು ನಡುವೆ ಹಾಯ್ದು, ಪಕ್ಕದ ಕಾಸಿಮೇಡಿನಲ್ಲಿ ಹರವಿದ ಮೀನುಬಲೆಯಂತೆ ಕಣ್ಣುಕಣ್ಣಾಗಿ ಹೆಣೆದುಕೊಳ್ಳುತ್ತವೆ. 1/500 ಸೆಕೆಂಡಿನಲ್ಲಿ ಹಿಡಿದರೆ ಅದು ಗಾಜಿನ ಚೂರು. ಪೂರಾ ಒಂದು ಸೆಕೆಂಡು ಕೊಟ್ಟರೆ ಹೆಣಿಗೆಯೇ ಅಳಿಸಿಹೋಯಿತು. 1/15ರ ಆಸುಪಾಸಿನಲ್ಲಿ ಗೆರೆಗಳು ತುಸು ಎಳೆದುಕೊಂಡೂ ಹರಿಯದೆ ಉಳಿಯುತ್ತವೆ. ಆ ಒಂದು ಚಿತ್ರಕ್ಕಾಗಿ ಮಂಡಿ ನೆನೆಸಿಕೊಂಡು ಕೂರಬಹುದು.

ಬೆಳಕಿನ ಭಾಗ್ಯವೂ ಇಲ್ಲಿ ದೊಡ್ಡದು. ಸಮುದ್ರ ಪೂರ್ವಕ್ಕಿದೆ; ನೀರು ಸೂರ್ಯನತ್ತಲೇ ಓಡುತ್ತದೆ. ಮೋಡ ಬಿರುಕುಬಿಟ್ಟ ಗಳಿಗೆಯಲ್ಲಿ ಎದುರು ಬೆಳಕಿಗೆ ಪ್ರತಿ ಅಲೆಯ ನೆತ್ತಿ ಹೊಳೆದು, ಹೊಟ್ಟೆ ಕಪ್ಪಾಗುತ್ತದೆ. ಕಾಡಿನಲ್ಲಾದರೆ ಒದ್ದೆ ಎಲೆಯ ಹೊಳಪು ತೆಗೆಯಲು ಪೋಲರೈಸರ್ ಬೇಕೇ ಬೇಕು. ಇಲ್ಲಿ ಅದನ್ನು ಬಿಚ್ಚಿ ಚೀಲಕ್ಕೆ ಹಾಕುತ್ತೇನೆ, ಹೊಳಪೇ ಚಿತ್ರ.

ರಾಯಪುರಂ ಸ್ಟೇಷನ್ನಿನ ಕಂಬಗಳು ಒದ್ದೆ ನೆಲದಲ್ಲಿ ತಲೆಕೆಳಗಾಗಿ ನಡುಗುವುದನ್ನೂ ನೋಡಬೇಕು. 1856ರ ಜುಲೈ 1ರಂದು ದಕ್ಷಿಣ ಭಾರತದ ಮೊದಲ ಪ್ರಯಾಣಿಕ ರೈಲು ಇಲ್ಲಿಂದಲೇ ವಾಲಾಜಾ ರೋಡ್‌ಗೆ ಹೊರಟಿತು. ಅದಕ್ಕೂ ಮುಂಚೆ, 1854ರ ಡಿಸೆಂಬರಿನಲ್ಲಿ, ಮದ್ರಾಸ್ ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ ಹಳೇಬೀಡು, ಬೇಲೂರುಗಳನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದಿದ್ದ. ಆ ಕಾಗದಕ್ಕೆ ನಿಮಿಷಗಟ್ಟಲೆ ಬೆಳಕು ಬೇಕು. ಕಲ್ಲು ಕಾದೀತು; ಹರಿಯುವ ನೀರು ಅದರ ಮೇಲೆ ಬರೀ ಮಂಜು. ಹೆಣಿಗೆಯನ್ನು ಉಳಿಸಬೇಕೋ ಅಳಿಸಬೇಕೋ ಎಂಬ ಆಯ್ಕೆ ಅವನಿಗಿರಲಿಲ್ಲ.

ಎಲ್ಲ ಮಳೆಯೂ ಚಿತ್ರಕ್ಕಲ್ಲ. 2015ರ ಡಿಸೆಂಬರ್, 2023ರ ಮಿಚಾಂಗ್ ಚಂಡಮಾರುತ: ನೀರು ಮನೆಯೊಳಗೆ ನುಗ್ಗಿದ ದಿನ ಕ್ಯಾಮೆರಾ ಕಪಾಟಿನಲ್ಲೇ ಇರಬೇಕು.

ಉಳಿದ ದಿನ ದಡಕ್ಕೆ ಹೋಗಿ. ಬಂದರು ಕಟ್ಟಿದ ಮೇಲೆ ತೆಂಕಣದ ಮರಳು ಮರೀನಾದಲ್ಲೇ ಉಳಿದು, ಬಡಗಣದ ಈ ದಡ ಕೊರೆದುಹೋಗತೊಡಗಿತು. ಅದನ್ನು ತಡೆಯಲು ಸುರಿದ ಕರಿಬಂಡೆಗಳ ಸಂದಿನಲ್ಲಿ ಮಳೆನೀರು ಕೊನೆಗೂ ಬೀಳುತ್ತದೆ, ಒಂದಿಷ್ಟು ಬೆಳ್ಳಗಾಗುತ್ತದೆ. ಕೆಂಗಂದು ನೀರು ಹೊರಟಿದ್ದರೆ ಎದುರಿನಿಂದ ಹಸಿರುಗಪ್ಪು ಅಲೆ ಒಳನುಗ್ಗುತ್ತದೆ. ನಡುವೆ ನೊರೆಯ ಗೆರೆ. ಎರಡೂ ಕಡೆಯಿಂದ ಓಟವಿರುವುದರಿಂದ 1/15 ಸಾಲದು. 1/60ಕ್ಕೆ ಏರಿಸಿ, ಅಲೆ ಹಿಂದೆಗೆಯಲು ಶುರುವಾದಾಗ ಒತ್ತಿದರೆ ಎರಡು ಬಣ್ಣಗಳೂ ಬೆರೆಯದೆ ಸಿಗುತ್ತವೆ.